ಮುಪ್ಪಿನ ಹೆಬ್ಬಾತು

ಚನ್ನಗಿರಿಯ ನಮ್ಮ ಮನೆಯ ಹಿತ್ತಿಲಿನಲ್ಲಿ 19 ವರ್ಷ ತುಂಬಿದ ಒಂದು ಹೆಬ್ಬಾತು ಇದೆ. ನಾನು ಪ್ರೌಢಶಾಲೆಯ ಕೊನೆಯ ತರಗತಿಯಲ್ಲಿದ್ದಾಗ ನಮ್ಮ ಅಜ್ಜ ಹೊನ್ನಾಳಿಯ ಸಂತೆಯಿಂದ ಎರಡು ಮರಿಗಳನ್ನು ಬಿದಿರಿನ ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಅಡಿಕೆಯ ತೋಟದಲ್ಲಿ ಹಾವು ಕಂಡರೆ, ಅಪರಿಚಿತರು ಕಾಲಿಟ್ಟರೆ, ಈ ಹಕ್ಕಿಗಳು ಕೂಗಿ ಎಚ್ಚರಿಸುವುವೆಂಬುದು ಅವರ ಉದ್ದೇಶವಾಗಿದ್ದಿತು. ಎರಡರಲ್ಲಿ ಗಂಡು ನಾಲ್ಕು ವರ್ಷಗಳ ಹಿಂದೆ ಸತ್ತುಹೋಯಿತು. ಉಳಿದ ಹೆಣ್ಣಿನ ಹೆಸರು ಗೌರಿ.

ಎರಡು ವರ್ಷಗಳ ಹಿಂದೆ ಗೌರಿ ಎಡಗಾಲನ್ನು ಊರಲು ಹಿಂಜರಿಯತೊಡಗಿತು. ಮನೆಗೆ ಬಂದವರೆಲ್ಲರೂ ಕನಿಕರದಿಂದಲೇ ಸಲಹೆ ಹೇಳಿದರು. “ಮೇಷ್ಟ್ರೇ, ಅದನ್ನು ಸೂಳೆಕೆರೆಗೆ ಬಿಟ್ಟುಬಿಡಿ, ನೀರಿನ ಹಕ್ಕಿ ನೀರು ಸೇರಲಿ” ಎಂದರು ನೆರೆಮನೆಯ ಹಿರಿಯರು. ಮಂಡಿನೋವಿಗೆಂದು ತಾವು ನುಂಗುತ್ತಿದ್ದ ಗುಳಿಗೆಗಳನ್ನೇ ಬಂಧುಗಳೊಬ್ಬರು ತಂದುಕೊಟ್ಟರು. ಅಜ್ಜಿಯಾದರೋ ದಿನವೂ ಒಂದು ಬೊಗಸೆ ಮಂಡಕ್ಕಿಯನ್ನು ಹೆಚ್ಚಾಗಿ ಹಾಕತೊಡಗಿದರು. ಈ ಮೂರು ಸಲಹೆಗಳೂ ಪ್ರೀತಿಯಿಂದ ಹುಟ್ಟಿದವು. ಮೂರೂ ಹಕ್ಕಿಗೆ ಕೇಡನ್ನುಂಟುಮಾಡತಕ್ಕವು. ಅದು ಹೇಗೆಂಬುದನ್ನು ತಿಳಿಯಬೇಕಾದರೆ ಹೆಬ್ಬಾತಿನ ದೇಹವನ್ನು ಸ್ವಲ್ಪ ಅರಿತುಕೊಳ್ಳಬೇಕು. ನಾನು ಭೌತಶಾಸ್ತ್ರವನ್ನು ಬೋಧಿಸುವವನೇ ಹೊರತು ಪಶುವೈದ್ಯನಲ್ಲ. ಆದರೆ ಈ ಎರಡು ವರ್ಷಗಳಲ್ಲಿ, ತರಗತಿಯಲ್ಲಿ ಹೇಳಿಕೊಡುವ ಭಾರ, ಒತ್ತಡ, ಉಷ್ಣ, ಆವಿ ಮೊದಲಾದ ಪಾಠಗಳು ಒಂದು ಮೂಕಪ್ರಾಣಿಯ ಆರೈಕೆಗೆ ಎಷ್ಟು ಅವಶ್ಯಕವೆಂಬುದು ನನಗೆ ಮನದಟ್ಟಾಗಿದೆ. ಅದನ್ನೇ ವಾಚಕರ ಮುಂದಿಡುತ್ತೇನೆ.

ಯಾವ ಕುಲದ ಹಕ್ಕಿ?

ನಮ್ಮ ಕಡೆಯ ಜನ ಹೆಬ್ಬಾತನ್ನೂ ‘ಬಾತುಕೋಳಿ’ ಎಂದೇ ಕರೆಯುವುದುಂಟು. ಬಾತುಕೋಳಿಗಿಂತ ಇದು ದೊಡ್ಡದು, ಕತ್ತು ಉದ್ದ, ಮುಖ್ಯವಾಗಿ ಹುಲ್ಲನ್ನು ಮೇಯುವ ಹಕ್ಕಿ. ಮನುಷ್ಯನು ಸಾಕಿದ ಹೆಬ್ಬಾತುಗಳಿಗೆ ಇಬ್ಬರು ಮೂಲಪುರುಷರುಂಟು. ಯೂರೋಪಿನ ತಳಿಗಳು ಬೂದು ಹೆಬ್ಬಾತಿನಿಂದಲೂ ಚೀನಾದ ತಳಿಗಳು ಪೂರ್ವ ಏಷ್ಯದ ಹಂಸ ಹೆಬ್ಬಾತಿನಿಂದಲೂ ಬಂದವು. ಕೊಕ್ಕಿನ ಬುಡದಲ್ಲಿ ಹಣೆಗೆ ಸೇರಿದಂತೆ ಒಂದು ಉಬ್ಬು ಇದ್ದರೆ ಅದು ಎರಡನೆಯ ವಂಶದ ಕುರುಹು. ಗೌರಿಗೆ ಆ ಉಬ್ಬು ಸ್ಪಷ್ಟವಾಗಿದೆ.

ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳಿಗೆ, ವಿಶೇಷವಾಗಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ, ಹಿಂಡುಹಿಂಡಾಗಿ ಬರುವ ಪಟ್ಟೆತಲೆ ಹೆಬ್ಬಾತುಗಳು ಇವುಗಳ ದಾಯಾದಿಗಳು. ಹಿಮಾಲಯವನ್ನು ದಾಟುವಾಗ ಅವು 7,000 ಮೀಟರಿಗೂ ಮಿಕ್ಕ ಎತ್ತರದಲ್ಲಿ ಹಾರಿದುದನ್ನು ವಿಜ್ಞಾನಿಗಳು ಉಪಕರಣಗಳಿಂದ ಅಳೆದಿದ್ದಾರೆ. ಸಾಕಿದ ಹೆಬ್ಬಾತಾದರೋ ಬೇಲಿಯನ್ನು ದಾಟುವುದೂ ಕಷ್ಟ. ತಲೆಮಾರುಗಳಿಂದ ಮಾಂಸಕ್ಕಾಗಿ, ಮೊಟ್ಟೆಗಾಗಿ ದೊಡ್ಡ ಹಕ್ಕಿಗಳನ್ನೇ ಆರಿಸಿ ಬೆಳೆಸಿದುದರ ಫಲವಿದು. ದೇಹದ ಉದ್ದ, ಅಗಲ, ಎತ್ತರಗಳು ಇಮ್ಮಡಿಯಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಾಲಾಗುತ್ತದೆ. ತೂಕವಾದರೋ ಎಂಟು ಪಾಲಾಗುತ್ತದೆ. ಹೀಗೆ ರೆಕ್ಕೆ ಹೊರಲಾರದ ಭಾರವೆಲ್ಲವೂ ಕಾಲಿನ ಪಾಲಿಗೆ ಬಂದಿತು. ಸಾಕಿದ ಹೆಬ್ಬಾತಿನ ಮುಪ್ಪಿನ ತೊಂದರೆಗಳು ಬಹುಮಟ್ಟಿಗೆ ಕಾಲಿನಿಂದಲೇ ಮೊದಲಾಗುವುದಕ್ಕೆ ಇದೊಂದು ಕಾರಣ.

ಚೆನ್ನಾಗಿ ನೋಡಿಕೊಂಡರೆ ಹೆಬ್ಬಾತು ಇಪ್ಪತ್ತು ವರ್ಷಗಳಿಗೂ ಮೀರಿ ಬದುಕಬಲ್ಲುದು. ಇಂಗ್ಲೆಂಡಿನಲ್ಲಿ ಒಂದು ಸಾಕುಹೆಬ್ಬಾತು 49 ವರ್ಷ ಬದುಕಿ 1976ರಲ್ಲಿ ಸತ್ತಿತೆಂದು ದಾಖಲೆಯಿದೆ. ಆದುದರಿಂದ ಮರಿಯನ್ನು ಕೊಂಡುತರುವವರು ನಾಯಿಯ ಆಯುಷ್ಯಕ್ಕಿಂತ ದೀರ್ಘವಾದ ಒಂದು ಹೊಣೆಯನ್ನು ಮನೆಗೆ ತರುತ್ತಿರುವುದಾಗಿ ತಿಳಿಯಬೇಕು.

ಗರಿಯ ಮರೆಯ ರೋಗ

ಹಕ್ಕಿಗಳು ತಮ್ಮ ಬೇನೆಯನ್ನು ಮರೆಮಾಚುತ್ತವೆ. ಕಾಡಿನಲ್ಲಿ ದುರ್ಬಲವಾಗಿ ಕಂಡ ಹಕ್ಕಿಯನ್ನೇ ಬೇಟೆಯ ಪ್ರಾಣಿ ಮೊದಲು ಹಿಡಿಯುವುದು. ಆದಕಾರಣ ಶಕ್ತಿಯಿರುವವರೆಗೂ ಅವು ಆರೋಗ್ಯವಾಗಿರುವಂತೆಯೇ ನಡೆದುಕೊಳ್ಳುತ್ತವೆ. ಅಷ್ಟೇ ಅಲ್ಲದೆ, ದಟ್ಟವಾದ ಗರಿಗಳ ಒಳಗೆ ದೇಹ ಸೊರಗಿದ್ದರೂ ಹೊರಗಿನಿಂದ ಕಾಣುವುದಿಲ್ಲ. ಹಕ್ಕಿ ಮುದುಡಿ ಕುಳಿತು, ಗರಿಗಳನ್ನು ಉಬ್ಬಿಸಿ, ಕಣ್ಣುಗಳನ್ನು ಅರೆಮುಚ್ಚಿದೆಯೆಂದು ನಮಗೆ ಕಾಣುವ ವೇಳೆಗೆ ರೋಗ ಬಹಳ ಮುಂದುವರಿದಿರಬಹುದು.

ಈ ಮರೆಯನ್ನು ಭೇದಿಸುವ ಸಾಧನಗಳು ಎರಡು. ಮೊದಲನೆಯದು ಕೈ. ಎದೆಯ ನಡುವಿನ ಮೂಳೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಅದು ಚಾಕುವಿನ ಬೆನ್ನಿನಂತೆ ಚೂಪಾಗಿದ್ದರೆ ಹಕ್ಕಿ ಸೊರಗಿದೆ. ಕೊಬ್ಬಿನಲ್ಲಿ ಹುದುಗಿ ಸಿಕ್ಕದಿದ್ದರೆ ಮಿತಿಮೀರಿ ದಪ್ಪವಾಗಿದೆ. ಎರಡನೆಯದು ತಕ್ಕಡಿ. ನಾನು ಪ್ರತಿ ಭಾನುವಾರ ಬೆಳಗ್ಗೆ, ಮೇವು ಹಾಕುವ ಮೊದಲು, ಗೌರಿಯನ್ನು ಬುಟ್ಟಿಯಲ್ಲಿ ಕುಳ್ಳಿರಿಸಿ ತೂಗುತ್ತೇನೆ. ಬುಟ್ಟಿಯ ತೂಕವನ್ನು ಕಳೆದು ಬಂದುದನ್ನು ಗ್ರಾಫ್ ಕಾಗದದಲ್ಲಿ ಗುರುತಿಸುತ್ತೇನೆ.

ವಿದ್ಯಾರ್ಥಿಗಳು ಗಮನಿಸಬೇಕಾದ ವಿಷಯ ಇಲ್ಲಿದೆ. ಹೆಬ್ಬಾತು ಕುಡಿದ ನೀರು, ತಿಂದ ಹುಲ್ಲು, ಹಾಕಿದ ಹಿಕ್ಕೆ, ಇವುಗಳಿಂದಲೇ ತೂಕದಲ್ಲಿ ನೂರಾರು ಗ್ರಾಂ ಹೆಚ್ಚುಕಡಿಮೆಯಾಗುವುದು. ನಮ್ಮ ತಕ್ಕಡಿಯ ಅತಿ ಚಿಕ್ಕ ಗೀರು 50 ಗ್ರಾಂ. ಆದುದರಿಂದ ಒಂದು ವಾರ 100 ಗ್ರಾಂ ಇಳಿದುದನ್ನು ಕಂಡು ಗಾಬರಿಯಾಗುವುದೂ ಸಲ್ಲದು, ನಾಲ್ಕು ವಾರ ಎಡೆಬಿಡದೆ ಇಳಿದುದನ್ನು ಕಂಡು ಸುಮ್ಮನಿರುವುದೂ ಸಲ್ಲದು. ಒಂದೇ ಅಳತೆಯನ್ನು ನಂಬದೆ ಅಳತೆಗಳ ಸಾಲನ್ನು ನೋಡಬೇಕೆಂಬುದು ಪ್ರಯೋಗಶಾಲೆಯ ಮೊದಲ ಪಾಠ. ಹಿತ್ತಿಲಿನಲ್ಲಿಯೂ ಅದೇ ಪಾಠ.

ಅಂಗಾಲಿನ ಲೆಕ್ಕ

ಗೌರಿಯ ಎಡ ಅಂಗಾಲಿನಲ್ಲಿ ನಮಗೆ ಕಂಡುದು ಕಪ್ಪು ಹಕ್ಕಳೆಗಟ್ಟಿದ ಒಂದು ಆಣಿ. ಗಟ್ಟಿಯಾದ ನೆಲದ ಮೇಲೆ ಬಹುಕಾಲ ನಿಂತು ನಡೆದು ಅಂಗಾಲಿನ ಚರ್ಮ ಒಂದೆಡೆ ಸವೆಯುತ್ತದೆ. ಅಲ್ಲಿ ಬಿರುಕುಬಿಟ್ಟ ಚರ್ಮದ ಮೂಲಕ ಸೂಕ್ಷ್ಮಜೀವಿಗಳು, ಬಹುತೇಕ ಸ್ಟೆಫೈಲೋಕಾಕಸ್ ಎಂಬ ಜಾತಿಯವು, ಒಳಹೊಕ್ಕು ಕೀವು ಕಟ್ಟುತ್ತವೆ. ಹಕ್ಕಿಯ ಕೀವು ನಮ್ಮ ಕೀವಿನಂತೆ ಹರಿಯುವುದಿಲ್ಲ. ಗಿಣ್ಣಿನಂತೆ ಗಟ್ಟಿಯಾಗಿ ಕೂಡುತ್ತದೆ. ಅದನ್ನು ಅಲಕ್ಷಿಸಿದರೆ ಸೋಂಕು ಸ್ನಾಯುರಜ್ಜುಗಳಿಗೂ ಮೂಳೆಗೂ ಇಳಿಯುವುದು.

ಇದಕ್ಕೆ ಕಾರಣವೇನೆಂದು ಹುಡುಕಿದಾಗ, ಮೂರು ವರ್ಷಗಳ ಹಿಂದೆ ಹಿತ್ತಿಲಿಗೆ ನಾವೇ ಹಾಕಿಸಿದ ಸಿಮೆಂಟಿನ ನೆಲದ ನೆನಪಾಯಿತು. ಅದರ ಪರಿಣಾಮವನ್ನು ಅಳೆಯಲು ಒಂದು ಸುಲಭವಾದ ಪ್ರಯೋಗ ಮಾಡಿದೆ. ಗೌರಿಯ ಒಳ್ಳೆಯ ಕಾಲನ್ನು ಅರಿಶಿನದ ನೀರಿನಲ್ಲಿ ಅದ್ದಿ, ಸಿಮೆಂಟಿನ ನೆಲದ ಮೇಲೆ ಹಾಸಿದ ಗ್ರಾಫ್ ಕಾಗದದ ಮೇಲೆ ನಡೆಯಿಸಿದೆ. ಗಟ್ಟಿನೆಲವನ್ನು ಮುಟ್ಟಿದುದು ಬೆರಳುಗಳ ಮೆತ್ತೆ ಮತ್ತು ಅಂಗಾಲಿನ ನಡುವಿನ ಉಬ್ಬು ಮಾತ್ರ; ಒಟ್ಟು ಸುಮಾರು 6 ಚದರ ಸೆಂಟಿಮೀಟರ್. ಅದೇ ಕಾಲನ್ನು ಮೆತ್ತನೆಯ ಕೆಸರಿನಲ್ಲಿ ಊರಿಸಿದಾಗ ಬೆರಳುಗಳ ನಡುವಿನ ಜಾಲಪೊರೆಯೂ ನೆಲಕ್ಕೆ ತಗುಲಿ, ಅಚ್ಚಿನ ವಿಸ್ತೀರ್ಣ ಸುಮಾರು 45 ಚದರ ಸೆಂಟಿಮೀಟರ್ ಆಯಿತು.

ಆಗ ಗೌರಿಯ ರಾಶಿ 5.4 ಕಿಲೋಗ್ರಾಂ, ಅಂದರೆ ಅದರ ಭಾರ ಸುಮಾರು 53 ನ್ಯೂಟನ್. ಎರಡು ಕಾಲುಗಳ ಮೇಲೆ ನಿಂತಾಗ ಸಿಮೆಂಟಿನ ನೆಲದಲ್ಲಿ ಅಂಗಾಲಿನ ಮೇಲಿನ ಒತ್ತಡ ಸುಮಾರು 44,000 ಪಾಸ್ಕಲ್. ಕೆಸರಿನಲ್ಲಿ ಸುಮಾರು 5,900 ಪಾಸ್ಕಲ್. ನಡೆಯುವಾಗ ಒಂದೇ ಕಾಲಿನ ಮೇಲೆ ಭಾರ ಬೀಳುವುದರಿಂದ ಎರಡೂ ಇಮ್ಮಡಿಯಾಗುತ್ತವೆ. ಒಂದು ಕಾಲು ನೊಂದರೆ ಇನ್ನೊಂದರ ಮೇಲೆ ಸದಾಕಾಲವೂ ಹೆಚ್ಚಿನ ಒತ್ತಡವಿದ್ದು, ಕೆಲವು ತಿಂಗಳಲ್ಲಿ ಅದಕ್ಕೂ ಆಣಿಯಾಗುವುದುಂಟು.

ಈ ಲೆಕ್ಕದಿಂದ ಒಂದು ವಿಷಯ ತಿಳಿಯಿತು. ಗೌರಿಯ ತೂಕ ಹೆಚ್ಚಾಗಿದ್ದುದು ನಿಜ; ಅದನ್ನು ಐದು ತಿಂಗಳಲ್ಲಿ ನಿಧಾನವಾಗಿ 4.7 ಕಿಲೋಗ್ರಾಂಗೆ ಇಳಿಸಿದೆವು. ಅದರಿಂದ ಒತ್ತಡ ನೂರಕ್ಕೆ 13ರಷ್ಟು ತಗ್ಗಿತು. ಆದರೆ ನೆಲವನ್ನು ಬದಲಿಸಿದುದರಿಂದ ಒತ್ತಡ ಏಳನೆಯ ಒಂದು ಭಾಗಕ್ಕೂ ಕಡಿಮೆಯಾಯಿತು! ಅಜ್ಜ ಒಂದು ಮಾತನ್ನೂ ಆಡದೆ, ಹಿತ್ತಿಲಿನ ಅರ್ಧದಷ್ಟು ಸಿಮೆಂಟನ್ನು ಒಡೆಸಿ ಮರಳುಮಿಶ್ರಿತ ಮಣ್ಣನ್ನು ಹರವಿಸಿದರು. ಇದನ್ನು ಮಾಡಲಾಗದವರು ದಪ್ಪನೆಯ ರಬ್ಬರಿನ ಹಾಸನ್ನಾಗಲಿ, ಒಣಹುಲ್ಲನ್ನಾಗಲಿ ಹಾಸಬಹುದು. ನ್ಯಾಮತಿಯ ಕಡೆಯ ನನ್ನ ವಿದ್ಯಾರ್ಥಿಯೊಬ್ಬನು ಗೋಣಿಚೀಲಗಳನ್ನು ಮಡಿಸಿ ಹಾಸಿ, ಅವನ ಮನೆಯ ಬಾತುಗಳ ಕಾಲನ್ನು ಕಾಪಾಡಿಕೊಂಡಿದ್ದಾನೆ. ಹಾಸು ದಿನವೂ ಒಣಗಿರಬೇಕು ಎಂಬುದೊಂದೇ ನಿಯಮ.

ಆಣಿಯನ್ನು ಮನೆಯಲ್ಲಿ ಬ್ಲೇಡಿನಿಂದ ಕೊಯ್ಯುವುದು ಅಪಾಯಕರ. ಮೇಲೆ ಕಾಣುವ ಹಕ್ಕಳೆಯ ಕೆಳಗೆ ಬೇರಿನಂತೆ ಕೀವು ಎಷ್ಟು ಆಳಕ್ಕೆ ಇಳಿದಿದೆಯೆಂಬುದು ನಮಗೆ ತಿಳಿಯದು. ಗೌರಿಯನ್ನು ನಾವು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯಕ್ಕೆ ಒಯ್ದೆವು. ಅಲ್ಲಿ ಶುಚಿಮಾಡಿ ಕಟ್ಟಿದ ಗಾಯ ಮಾಯಲು ಮೂರು ತಿಂಗಳು ಹಿಡಿಯಿತು. ಈ ಸೋಂಕು ಮನುಷ್ಯರ ಚರ್ಮಕ್ಕೂ ತಗುಲಬಹುದಾದುದರಿಂದ ಪಟ್ಟಿಯನ್ನು ಬದಲಿಸುವವರು ಕೈಗವಸನ್ನು ಧರಿಸಿ, ಬಳಿಕ ಸಾಬೂನಿನಿಂದ ಕೈತೊಳೆಯಬೇಕು.

ನೀರು ಹೊರುವ ಭಾರ

ಕಾಲುನೋವಿನ ಹೆಬ್ಬಾತಿಗೆ ನೀರಿಗಿಂತ ಒಳ್ಳೆಯ ಹಾಸಿಗೆಯಿಲ್ಲ. ಆರ್ಕಿಮಿಡೀಸನ ತತ್ತ್ವವನ್ನು ನೆನೆಯಿರಿ. 5 ಕಿಲೋಗ್ರಾಂ ತೂಗುವ ಹಕ್ಕಿ 5 ಲೀಟರ್ ನೀರನ್ನು ಪಕ್ಕಕ್ಕೆ ಸರಿಸಿದೊಡನೆ ತೇಲುತ್ತದೆ; ಕಾಲಿನ ಮೇಲೆ ಭಾರವೇ ಇರುವುದಿಲ್ಲ. ನೀರು ಆಳವಿಲ್ಲದೆ 3 ಲೀಟರಿನಷ್ಟನ್ನು ಮಾತ್ರ ಸರಿಸಿದರೂ ಕಾಲು ಹೊರಬೇಕಾದುದು ಉಳಿದ 2 ಕಿಲೋಗ್ರಾಂ ಮಾತ್ರ. ದೇಹದೊಳಗಿನ ಗಾಳಿಚೀಲಗಳೂ ಗರಿಗಳ ನಡುವೆ ಸಿಕ್ಕಿದ ಗಾಳಿಯೂ ಸೇರಿ ಹೆಬ್ಬಾತಿನ ಸರಾಸರಿ ಸಾಂದ್ರತೆಯನ್ನು ನೀರಿನದಕ್ಕಿಂತ ಬಹಳ ಕಡಿಮೆಯಾಗಿಸಿವೆ. ಆದುದರಿಂದ ಅದು ಶ್ರಮವಿಲ್ಲದೆ ತೇಲಿ, ಕೀಲುಗಳನ್ನು ನೋವಿಲ್ಲದೆ ಆಡಿಸಬಲ್ಲುದು. ಕೀಲುವಾತವಿರುವ ಮುದಿ ಹಕ್ಕಿಗೆ ಇದೇ ವ್ಯಾಯಾಮ.

ಆದರೆ ಮುದಿಹಕ್ಕಿಗೆ ತೊಟ್ಟಿಯನ್ನು ಇಳಿಯುವುದಕ್ಕಿಂತ ಹತ್ತುವುದು ಕಷ್ಟ. ಇಟ್ಟಿಗೆಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ಗೋಣಿಯ ತಾಟನ್ನು ಹಾಸಿ, ಜಾರದಂತಹ ಇಳಿಜಾರನ್ನು ಮಾಡಿಕೊಡಬೇಕು. ನಾವು ಹತ್ತಿರವೇ ನಿಂತು ಅರ್ಧಗಂಟೆಯ ಬಳಿಕ ಹೊರಗೆ ಬರಮಾಡಿಕೊಳ್ಳಬೇಕು. ನೀರು ದಿನವೂ ಹೊಸದಾಗಿರಬೇಕು.

ಗರಿಗೆ ನೀರು ಅಂಟದಿರುವುದಕ್ಕೆ ಎರಡು ಕಾರಣಗಳಿವೆ. ಗರಿಯ ಎಳೆಗಳು ಪರಸ್ಪರ ಕೊಕ್ಕೆ ಹಾಕಿಕೊಂಡು ನೇಯ್ದ ಬಲೆಯಂತಿದ್ದು, ಅವುಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಮೇಲ್ಮೈ ಎಳೆತದಿಂದ ನೀರು ಹನಿಯಾಗಿಯೇ ಉಳಿದು ಆ ಸಣ್ಣ ಎಡೆಗಳನ್ನು ಹೊಗುವುದಿಲ್ಲ. ಬಾಲದ ಬುಡದ ಗ್ರಂಥಿಯಿಂದ ಹಕ್ಕಿ ಕೊಕ್ಕಿನಲ್ಲಿ ಎಣ್ಣೆಯನ್ನು ತೆಗೆದು ಸವರಿಕೊಳ್ಳುವುದರಿಂದ ಎಳೆಗಳು ಮೃದುವಾಗಿ, ಕೆಡದೆ ಉಳಿಯುತ್ತವೆ. ಕತ್ತಿನ ಕೀಲುಗಳು ಬಿಗಿದ ಮುದಿಹಕ್ಕಿಗೆ ಬಾಲದವರೆಗೆ ಕೊಕ್ಕನ್ನು ಚಾಚಲಾಗದು. ಅದರ ಗರಿ ನೀರನ್ನು ಹೀರಿ ತೊಯ್ಯುತ್ತದೆ. ಅಂತಹ ಹಕ್ಕಿ ಬಹಳ ಹೊತ್ತು ನೀರಿನಲ್ಲಿದ್ದರೆ ಚಳಿಹಿಡಿದು ಕುಗ್ಗುವುದು. ಕೊಳೆಯಾಗಿದೆಯೆಂದು ಸಾಬೂನು ಹಚ್ಚುವುದಂತೂ ಕೂಡದು. ಸಾಬೂನು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ, ಗರಿಯ ಎಡೆಗಳೊಳಕ್ಕೆ ನೀರು ನುಗ್ಗುವಂತೆ ಮಾಡುತ್ತದೆ.

ಬಿಸಿಲು ಮತ್ತು ಚಳಿ

ಹಕ್ಕಿಯ ದೇಹದ ಉಷ್ಣತೆ ಸುಮಾರು 41 ಡಿಗ್ರಿ ಸೆಲ್ಸಿಯಸ್. ಹಕ್ಕಿಗಳಿಗೆ ಬೆವರಿನ ಗ್ರಂಥಿಗಳಿಲ್ಲ. ಹೊರಗಿನ ಗಾಳಿ ತಂಪಾಗಿರುವವರೆಗೆ ವಹನ, ಸಂವಹನ, ವಿಕಿರಣಗಳಿಂದ ದೇಹದ ಶಾಖ ಹೊರಗೆ ಹೋಗುತ್ತದೆ. ಗರಿಯಿಲ್ಲದ ಕಾಲುಗಳು ಇದರಲ್ಲಿ ದೊಡ್ಡ ಪಾತ್ರ ವಹಿಸುತ್ತವೆ. ಹೊರಗಿನ ಉಷ್ಣತೆ 40 ಡಿಗ್ರಿಯನ್ನು ಸಮೀಪಿಸಿದಾಗ ಈ ದಾರಿಗಳು ಮುಚ್ಚಿದಂತೆಯೇ ಸರಿ. ಆಗ ಉಳಿಯುವ ದಾರಿ ಒಂದೇ: ಕೊಕ್ಕನ್ನು ತೆರೆದು ತೇಕುತ್ತ, ಬಾಯಿ ಗಂಟಲುಗಳ ತೇವವನ್ನು ಆವಿಯಾಗಿಸುವುದು.

ಇದರ ಲೆಕ್ಕವನ್ನೂ ಮಾಡಬಹುದು. 5 ಕಿಲೋಗ್ರಾಂ ತೂಕದ ಹಕ್ಕಿ ಸುಮ್ಮನೆ ಕುಳಿತಿರುವಾಗಲೂ ಸುಮಾರು 12 ವಾಟ್ ಶಾಖವನ್ನು ಉತ್ಪಾದಿಸುತ್ತದೆ. ಗಂಟೆಗೆ ಸುಮಾರು 43,000 ಜೂಲ್. ಆ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಗುಪ್ತೋಷ್ಣ ಬೇಕು. ಆದುದರಿಂದ ಬೇರೆ ದಾರಿಯಿಲ್ಲದಾಗ ಗಂಟೆಗೆ ಕನಿಷ್ಠ 18 ಗ್ರಾಂ ನೀರನ್ನು ಹಕ್ಕಿ ಕಳೆದುಕೊಳ್ಳಲೇಬೇಕು. ಹೊರಗಿನ ಬಿಸಿಲಿನ ಶಾಖವೂ ತೇಕುವ ಶ್ರಮವೂ ಸೇರಿದರೆ ಇನ್ನೂ ಹೆಚ್ಚು. ಮಧ್ಯಾಹ್ನ ನೀರಿನ ಪಾತ್ರೆ ಒಣಗಿದ್ದರೆ ಮುದಿಹಕ್ಕಿಯ ಗತಿಯೇನೆಂಬುದನ್ನು ಊಹಿಸಬಹುದು.

ಇಲ್ಲಿ ಊರೂರಿಗೂ ವ್ಯತ್ಯಾಸವುಂಟು. ಜಗಳೂರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿಯೂ ಎರಡು ಹೆಬ್ಬಾತುಗಳಿವೆ. ಅಲ್ಲಿ ಮಳೆ ಕಡಿಮೆ. ಬೇಸಿಗೆಯ ಗಾಳಿ ಒಣಗಿದ್ದು. ಒಣಗಾಳಿಯಲ್ಲಿ ನೀರು ಬೇಗ ಆವಿಯಾಗುವುದರಿಂದ, ನೆರಳಿನಲ್ಲಿ ಒದ್ದೆಯ ಗೋಣಿಯ ಪರದೆಯನ್ನು ಗಾಳಿಗೆ ಅಡ್ಡವಾಗಿ ತೂಗುಹಾಕಿದರೆ ಒಳಗೆ ತಂಪು ಚೆನ್ನಾಗಿ ಏರ್ಪಡುತ್ತದೆ. ಚನ್ನಗಿರಿಯ ಅಡಿಕೆ ತೋಟದೊಳಗೆ, ನೀರುಣಿಸಿದ ದಿನ, ಅದೇ ಪರದೆಯಿಂದ ಅಷ್ಟು ಪ್ರಯೋಜನವಾಗುವುದಿಲ್ಲ. ಗಾಳಿಯಲ್ಲಿ ಆಗಲೇ ತೇವವಿರುವುದರಿಂದ ಪರದೆಯಿಂದಲೂ ಹಕ್ಕಿಯ ಗಂಟಲಿನಿಂದಲೂ ಆವಿ ನಿಧಾನವಾಗಿ ಏಳುತ್ತದೆ. ಇಲ್ಲಿ ಗಾಳಿಯಾಡುವ ನೆರಳೂ ಕಾಲು ಮುಳುಗುವಷ್ಟು ತಂಪಾದ ನೀರೂ ಹೆಚ್ಚು ಉಪಯುಕ್ತ. ಜಗಳೂರಿನಲ್ಲಿ ಕುಡಿಯುವ ನೀರನ್ನು ದಿನಕ್ಕೆ ಹಲವು ಬಾರಿ ತುಂಬಿಡುವುದೇ ಮುಖ್ಯ ಕೆಲಸ.

ಚಳಿಗಾಲದಲ್ಲಿ ಹಕ್ಕಿ ಕಾಲಿನ ಶಾಖವನ್ನು ಜಾಣತನದಿಂದ ಉಳಿಸಿಕೊಳ್ಳುತ್ತದೆ. ಕಾಲಿಗೆ ಇಳಿಯುವ ಬಿಸಿರಕ್ತದ ನಾಳಗಳೂ ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಒತ್ತಿನಲ್ಲಿದ್ದು, ಶಾಖ ಒಂದರಿಂದ ಇನ್ನೊಂದಕ್ಕೆ ದಾಟಿ ದೇಹಕ್ಕೇ ಮರಳುವುದು. ಆದರೆ ಸೊರಗಿದ ಮುದಿಹಕ್ಕಿಗೆ ಹೊರಗಿನ ನೆರವೂ ಬೇಕು. ಒಣಗಿದ ಬತ್ತದ ಹುಲ್ಲನ್ನು ದಪ್ಪವಾಗಿ ಹಾಸಿದರೆ ಅದರಲ್ಲಿ ಸಿಕ್ಕಿಕೊಂಡ ಗಾಳಿ ಕಂಬಳಿಯಂತೆ ಕೆಲಸಮಾಡುತ್ತದೆ. ಹುಲ್ಲಿಗೆ ಬೂಷ್ಟು ಹಿಡಿದಿರಬಾರದು. ಬೂಷ್ಟಿನ ಕಣಗಳು ಗಾಳಿಚೀಲಗಳನ್ನು ಹೊಕ್ಕು ಉಂಟುಮಾಡುವ ಶ್ವಾಸರೋಗ ನೀರುಹಕ್ಕಿಗಳಿಗೆ ಬಹಳ ಮಾರಕವಾದುದು. ಅದಕ್ಕೆ ಚಿಕಿತ್ಸೆಯೂ ಕಷ್ಟ. ಬಿಸಿಲಿಲ್ಲದ ವೇಳೆಯಲ್ಲಿಯೂ ಹಕ್ಕಿ ಬಾಯ್ದೆರೆದು ಉಸಿರಾಡುತ್ತಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು.

ಮಂಡಕ್ಕಿಯ ಪ್ರೀತಿ

ದಾವಣಗೆರೆಯ ಸೀಮೆಯಲ್ಲಿ ಮಂಡಕ್ಕಿಯಿಲ್ಲದ ಮನೆಯುಂಟೆ? ಗೌರಿಗೂ ಅದರ ರುಚಿ ಹತ್ತಿತ್ತು. ಮಂಡಕ್ಕಿ, ಅನ್ನ, ಬ್ರೆಡ್ಡು ಇವು ಹೊಟ್ಟೆಯನ್ನು ತುಂಬುತ್ತವೆ. ಹಕ್ಕಿಗೆ ಬೇಕಾದ ನಾರು, ಜೀವಸತ್ತ್ವ, ಖನಿಜಗಳನ್ನು ಕೊಡುವುದಿಲ್ಲ. ಒಗ್ಗರಣೆಯ ಮಂಡಕ್ಕಿಯಾದರಂತೂ ಉಪ್ಪೂ ಎಣ್ಣೆಯೂ ಸೇರಿರುತ್ತವೆ. ಹೆಬ್ಬಾತಿನ ನಿಜವಾದ ಆಹಾರ ಎಳೆಯ ಹುಲ್ಲು ಮತ್ತು ಸೊಪ್ಪು. ಜೊತೆಗೆ ಸ್ವಲ್ಪ ಕಾಳು, ಕಾಳನ್ನು ಅರೆಯಲು ಹೊಟ್ಟೆಯೊಳಗೆ ಬೇಕಾಗುವ ಸಣ್ಣ ಹರಳು, ಕಣ್ಣು ಮೂಗುಗಳು ಮುಳುಗುವಷ್ಟು ಆಳವಾದ ಪಾತ್ರೆಯ ನೀರು, ಇಷ್ಟು ಸಾಕು.

ಮೊಟ್ಟೆಕೋಳಿಗಳಿಗೆಂದು ಮಾರುವ ಆಹಾರವನ್ನು ಮೊಟ್ಟೆ ಬಿಟ್ಟ ಮುದಿ ಹೆಬ್ಬಾತಿಗೆ ಹಾಕಬಾರದು. ಚಿಪ್ಪಿಗಾಗಿ ಅದರಲ್ಲಿ ಬೆರೆಸಿದ ಹೆಚ್ಚಿನ ಸುಣ್ಣದ ಅಂಶ ಮೂತ್ರಪಿಂಡಗಳಿಗೆ ಹೊರೆಯಾಗುವುದು. ಹಕ್ಕಿಗಳು ಸಾರಜನಕದ ಕಶ್ಮಲವನ್ನು ನಮ್ಮಂತೆ ಯೂರಿಯಾ ರೂಪದಲ್ಲಿ ಹೊರಹಾಕದೆ, ಯೂರಿಕ್ ಆಮ್ಲವಾಗಿ ಹೊರಹಾಕುತ್ತವೆ. ಹಿಕ್ಕೆಯಲ್ಲಿ ಕಾಣುವ ಬಿಳಿಯ ಭಾಗ ಅದೇ. ಯೂರಿಕ್ ಆಮ್ಲ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮೂತ್ರಪಿಂಡ ಸೋತರೆ ಅದು ರಕ್ತದಲ್ಲಿ ಹೆಚ್ಚಿ, ಕೀಲುಗಳಲ್ಲಿಯೂ ಒಳಅಂಗಗಳ ಮೇಲೂ ಸುಣ್ಣದ ಪುಡಿಯಂತೆ ಹರಳುಗಟ್ಟಿ ಕೂಡುತ್ತದೆ.

ರಣಹದ್ದುಗಳು ಕಲಿಸಿದ ಪಾಠ

ಬಂಧುಗಳು ತಂದ ಗುಳಿಗೆಯ ಮಾತು ಇಲ್ಲಿ ಬರುತ್ತದೆ. ಅದರ ಮೇಲೆ ಡೈಕ್ಲೋಫೆನಾಕ್ ಎಂಬ ಹೆಸರಿದ್ದಿತು. 1990ರ ದಶಕದಲ್ಲಿ ಭಾರತದ ರಣಹದ್ದುಗಳು ಲಕ್ಷೋಪಲಕ್ಷವಾಗಿ ಸತ್ತವು. ಕಾರಣವನ್ನು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ದನಗಳಿಗೆ ನೋವು ತಗ್ಗಿಸಲೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. ಸತ್ತ ಹದ್ದುಗಳ ಅಂಗಗಳ ಮೇಲೆ ಯೂರಿಕ್ ಆಮ್ಲ ಬಿಳಿಯ ಪೊರೆಯಾಗಿ ಕೂತಿತ್ತು. ಭಾರತ ಸರ್ಕಾರ 2006ರಲ್ಲಿ ಪಶುಗಳಿಗೆ ಈ ಔಷಧವನ್ನು ಕೊಡುವುದನ್ನು ನಿಷೇಧಿಸಿತು. 2023ರಲ್ಲಿ ಕೀಟೋಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್‌ಗಳಿಗೂ ಅದೇ ನಿಷೇಧ ಬಂದಿತು. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿದುದನ್ನು ವಾಚಕರು ಬಲ್ಲರು.

ರಣಹದ್ದಿಗೆ ವಿಷವಾದುದು ಹೆಬ್ಬಾತಿಗೂ ಅಷ್ಟೇ ವಿಷವೆಂದು ಇದರಿಂದ ಸಿದ್ಧಪಡುವುದಿಲ್ಲ. ಸಿದ್ಧಪಡುವುದು ಇಷ್ಟೇ: ಮನುಷ್ಯನಿಗೂ ದನಕ್ಕೂ ಹಿತವಾದ ಔಷಧ ಹಕ್ಕಿಯನ್ನು ಕೊಲ್ಲಬಲ್ಲುದು, ಮುಪ್ಪಿನಲ್ಲಿ ಮೂತ್ರಪಿಂಡಗಳು ದುರ್ಬಲವಾಗಿರುವಾಗ ಅಂತಹ ಪರೀಕ್ಷೆಯನ್ನು ಮನೆಯಲ್ಲಿ ಮಾಡತಕ್ಕದ್ದಲ್ಲ. ಹಕ್ಕಿಗಳಿಗೆ ವೈದ್ಯರು ಕೊಡುವ ನೋವುನಿವಾರಕಗಳು ಬೇರೆ ಇವೆ. ಗೌರಿಗೆ ಕೊಟ್ಟುದು ಮೆಲಾಕ್ಸಿಕ್ಯಾಮ್. ಅದರ ಪ್ರಮಾಣವನ್ನು ಗೊತ್ತುಮಾಡುವ ಮುನ್ನ ವೈದ್ಯರು ಕೇಳಿದ ಮೊದಲ ಪ್ರಶ್ನೆ, “ತೂಕವೆಷ್ಟು?” ಎಂಬುದು. ಗ್ರಾಫ್ ಕಾಗದ ನನ್ನ ಕೈಯಲ್ಲಿಯೇ ಇದ್ದಿತು. ಹೊತ್ತೊಯ್ಯಲಾಗದ ಪ್ರಾಣಿಗಳಿಗಾಗಿ ಸಂಚಾರಿ ಪಶುಚಿಕಿತ್ಸೆಯ ವಾಹನವನ್ನು ಕರೆಸಲು 1962 ಎಂಬ ದೂರವಾಣಿ ಸಂಖ್ಯೆಯನ್ನು ಹಳ್ಳಿಯ ವಾಚಕರು ನೆನಪಿಡುವುದು ಒಳ್ಳೆಯದು.

ಕೆರೆಗೆ ಬಿಡಬಹುದೆ?

ಶಾಂತಿಸಾಗರವೆಂದೂ ಹೆಸರಾದ ನಮ್ಮ ತಾಲ್ಲೂಕಿನ ಸೂಳೆಕೆರೆ ಅತ್ಯಂತ ವಿಶಾಲವಾದುದು. ಅಲ್ಲಿ ಬಿಟ್ಟರೆ ಹಕ್ಕಿ ಸುಖವಾಗಿರುವುದೆಂಬುದು ಸಹಜವಾದ ಭಾವನೆ. ಆದರೆ ಹಾರಲಾರದ, ಕುಂಟುವ, ಮೇವನ್ನು ಮನುಷ್ಯರ ಕೈಯಿಂದಲೇ ಪಡೆದು ಅಭ್ಯಾಸವಾದ ಹೆಬ್ಬಾತು ಅಲ್ಲಿ ನಾಯಿಗಳ ಪಾಲಾಗುವುದು ಕೆಲವೇ ದಿನಗಳ ಮಾತು. ಇನ್ನೊಂದು ಕಾರಣವೂ ಇದೆ. ಹಕ್ಕಿಜ್ವರದ ಎಚ್5ಎನ್1 ವೈರಸ್ಸಿನ ಇಂದಿನ ವಂಶಕ್ಕೆ ಮೂಲವಾದುದನ್ನು 1996ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತದ ಸಾಕುಹೆಬ್ಬಾತುಗಳಲ್ಲಿಯೇ ಮೊದಲು ಗುರುತಿಸಿದರು. 2020ರ ಮಾರ್ಚ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲಿಯೂ ಕೋಳಿಗಳಿಗೆ ಹಕ್ಕಿಜ್ವರ ತಗುಲಿತ್ತು. ಸಾಕಿದ ಹಕ್ಕಿಯನ್ನು ವಲಸೆಹಕ್ಕಿಗಳ ನಡುವೆ ಬಿಡುವುದರಿಂದ ರೋಗ ಎರಡು ದಿಕ್ಕಿಗೂ ದಾಟಬಹುದು. ಆದುದರಿಂದ ಕೆರೆಗೆ ಬಿಡುವುದು ಹಕ್ಕಿಗೆ ಬಿಡುಗಡೆಯಲ್ಲ. ನಮ್ಮ ಹೊಣೆಯಿಂದ ನಾವು ಪಡೆಯುವ ಬಿಡುಗಡೆ ಮಾತ್ರ.

ಹೆಬ್ಬಾತು ಒಂಟಿಯಾಗಿ ಬಾಳುವ ಹಕ್ಕಿಯೂ ಅಲ್ಲ. 1973ರಲ್ಲಿ ನೊಬೆಲ್ ಬಹುಮಾನದ ಪಾಲನ್ನು ಪಡೆದ ಆಸ್ಟ್ರಿಯದ ಕಾನ್ರಾಡ್ ಲೊರೆಂಟ್ಸ್ ಬೂದು ಹೆಬ್ಬಾತುಗಳೊಡನೆ ವರ್ಷಗಟ್ಟಲೆ ಕಳೆದು, ಅವು ದೀರ್ಘಕಾಲದ ಜೋಡಿಗಳಾಗಿ ಬಾಳುವುದನ್ನೂ ಜೊತೆಗಾರ ಸತ್ತಾಗ ಮಂಕಾಗುವುದನ್ನೂ ವಿವರಿಸಿದರು. ತನ್ನ ಗಂಡು ಸತ್ತ ಮೇಲೆ ಗೌರಿ ಹಲವು ವಾರ ಮೇವನ್ನು ಅಷ್ಟಕ್ಕಷ್ಟೆ ಮುಟ್ಟುತ್ತಿತ್ತು. ಈಗ ಅದು ಹಟ್ಟಿಯ ಕರುವಿನ ಪಕ್ಕದಲ್ಲಿಯೇ ಮಲಗುತ್ತದೆ. ಅದರ ಬಲಗಣ್ಣಿಗೆ ಪೊರೆ ಬಂದಿದೆ. ಆದಕಾರಣ ನೀರಿನ ಪಾತ್ರೆಯನ್ನಾಗಲಿ ಮಲಗುವ ಜಾಗವನ್ನಾಗಲಿ ನಾವು ಅಲುಗಿಸುವುದಿಲ್ಲ. ಎಡಗಣ್ಣಿನ ಕಡೆಯಿಂದಲೇ ಹೆಸರು ಕರೆಯುತ್ತ ಹತ್ತಿರ ಹೋಗುತ್ತೇವೆ.

ಕೊನೆಯ ಪ್ರಶ್ನೆ

ಗೌರಿಯ ಕಾಲು ಗುಣವಾಯಿತು. ಆದರೆ ಕಳೆದ ಏಳು ತಿಂಗಳುಗಳ ಗ್ರಾಫಿನಲ್ಲಿ ರೇಖೆ ಮತ್ತೆ ಇಳಿಮುಖವಾಗಿದೆ. ಈ ಬಾರಿ ನಾವು ಮೇವನ್ನು ಕಡಿಮೆ ಮಾಡಿಲ್ಲ, 4.6 ಕಿಲೋಗ್ರಾಂ ಇದ್ದುದು 4.1ಕ್ಕೆ ಬಂದಿದೆ. ಮೂತ್ರಪಿಂಡಗಳು ಸೋಲುತ್ತಿವೆಯೆಂದು ವೈದ್ಯರು ತಿಳಿಸಿದ್ದಾರೆ. ಇದನ್ನು ನಿಧಾನಗೊಳಿಸಬಹುದು, ಹಿಂದಿರುಗಿಸಲಾಗದು.

ಹೀಗಿರುವಾಗ ಎಲ್ಲಿಯವರೆಗೆ ಚಿಕಿತ್ಸೆ ಮಾಡಬೇಕು? ಈ ಪ್ರಶ್ನೆಗೆ ತಕ್ಕಡಿ ಉತ್ತರ ಕೊಡುವುದಿಲ್ಲ. ದುಃಖದ ಹೊತ್ತಿನಲ್ಲಿ ಮನಸ್ಸು ತೂಗಲಾರದೆಂದು ತಿಳಿದು, ಮನೆಯವರೆಲ್ಲರೂ ಮೊದಲೇ ಕುಳಿತು ಮೂರು ವಿಷಯಗಳನ್ನು ಬರೆದಿಟ್ಟಿದ್ದೇವೆ: ಗೌರಿ ತಾನಾಗಿಯೇ ಮೇಯುತ್ತದೆಯೆ? ಎದ್ದು ನೀರಿನವರೆಗೆ ಹೋಗಬಲ್ಲುದೆ? ಕರೆದರೆ ಕತ್ತೆತ್ತಿ ಉತ್ತರ ಕೊಡುತ್ತದೆಯೆ? ಇವುಗಳಲ್ಲಿ ಎರಡಕ್ಕೆ ಸತತವಾಗಿ ಕೆಲವು ದಿನ ‘ಇಲ್ಲ’ ಎಂದು ಬರೆಯಬೇಕಾಗಿ ಬಂದರೆ, ನೋವಿಲ್ಲದ ಸಾವನ್ನು ಕೊಡುವ ವಿಷಯವನ್ನು ವೈದ್ಯರೊಡನೆ ಮಾತನಾಡುವುದೆಂದು ನಿಶ್ಚಯಿಸಿದ್ದೇವೆ. ಅಜ್ಜಿಗೆ ಇದು ಒಪ್ಪಿಗೆಯಾಗಲಿಲ್ಲ. ಪ್ರಾಣ ತೆಗೆಯುವ ಅಧಿಕಾರ ನಮಗಿಲ್ಲವೆಂದು ಅವರು ವಾದಿಸಿದರು. ಅಜ್ಜ ಬಹಳ ಹೊತ್ತು ಸುಮ್ಮನಿದ್ದು, “ಸಂತೆಯಿಂದ ತಂದವನು ನಾನು, ಆ ದಿನ ನಾನೇ ಹತ್ತಿರ ಇರುತ್ತೇನೆ” ಎಂದರು. ಅಜ್ಜಿ ಮತ್ತೇನೂ ಹೇಳಲಿಲ್ಲ. ಈ ಲೇಖನವನ್ನು ಬರೆಯುತ್ತಿರುವ ವಾರ ಮೂರು ಪ್ರಶ್ನೆಗಳಿಗೂ ‘ಹೌದು’ ಎಂದೇ ಬರೆದಿದ್ದೇವೆ.

ಮಾಡಿ ನೋಡಿ

1. ಉದುರಿದ ಒಂದು ಗರಿಯ ಮೇಲೆ ಬರಿಯ ನೀರಿನ ಹನಿಯನ್ನೂ ಸಾಬೂನು ನೀರಿನ ಹನಿಯನ್ನೂ ಇಟ್ಟು, ಹನಿಗಳ ಆಕಾರವನ್ನು ಹೋಲಿಸಿರಿ. ಬಳಿಕ ಕೈ ತೊಳೆಯಿರಿ.

2. ಕೋಳಿ, ಆಡು ಮತ್ತು ನಿಮ್ಮ ಸ್ವಂತ ಪಾದದ ಅಚ್ಚುಗಳನ್ನು ಗ್ರಾಫ್ ಕಾಗದದ ಮೇಲೆ ತೆಗೆದು, ಯಾರ ಪಾದದ ಮೇಲೆ ಹೆಚ್ಚಿನ ಒತ್ತಡವಿದೆಯೆಂದು ಲೆಕ್ಕಹಾಕಿರಿ.

3. ಎರಡು ಉಷ್ಣಮಾಪಕಗಳಲ್ಲಿ ಒಂದರ ಬುಡಕ್ಕೆ ಒದ್ದೆಬಟ್ಟೆಯನ್ನು ಸುತ್ತಿ, ಬೇಸಿಗೆಯ ಮಧ್ಯಾಹ್ನ ನೆರಳಿನಲ್ಲಿ ಎರಡರ ಅಂತರವನ್ನು ಗುರುತಿಸಿರಿ. ಬೇರೆ ತಾಲ್ಲೂಕಿನಲ್ಲಿರುವ ಸ್ನೇಹಿತನ ಅಳತೆಯೊಡನೆ ಹೋಲಿಸಿದರೆ, ಒದ್ದೆಗೋಣಿಯ ಪರದೆ ಯಾವ ಊರಿನ ಹಕ್ಕಿಗೆ ಹೆಚ್ಚು ತಂಪು ಕೊಡುವುದೆಂಬುದು ತಿಳಿಯುತ್ತದೆ.

4. ಮನೆಯ ಯಾವುದಾದರೂ ಒಂದು ಸಾಕುಪ್ರಾಣಿಯನ್ನು ಹತ್ತು ವಾರ ತಪ್ಪದೆ ತೂಗಿ, ಗ್ರಾಫ್ ಬರೆದಿಡಿರಿ. ಅದು ಆರೋಗ್ಯವಾಗಿರುವಾಗಲೇ ಪ್ರಾರಂಭಿಸಿರಿ. ಕಾಯಿಲೆಯ ದಿನ ಹೋಲಿಸಿ ನೋಡಲು ಆ ರೇಖೆಯೇ ಬೇಕಾಗುವುದು.